ಪೇರಲ ಜೆಲ್ಲಿ: ಹದ, ಪೋಷಣೆ ಮತ್ತು ಅಡುಗೆಮನೆಯ ಬಳಕೆ

ಮುಧೋಳ ತಾಲೂಕಿನ ಲೋಕಾಪುರದ ಸುತ್ತಮುತ್ತ ಕಬ್ಬಿನದೇ ದೊಡ್ಡ ಮಾತು. ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು ಬಂದಿದೆ. ಮಹಾಲಿಂಗಪುರದ ಬೆಲ್ಲದ ಪೇಟೆ, ಸಮೀರವಾಡಿಯಂತಹ ಕಡೆಯ ಸಕ್ಕರೆ ಕಾರ್ಖಾನೆಗಳು ಈ ಭಾಗದವರಿಗೆ ಹೊಸವಲ್ಲ. ಇದರ ನಡುವೆ ಬಾವಿ, ಕೊಳವೆಬಾವಿಗಳ ಆಸರೆಯಲ್ಲಿ ಪೇರಲ, ಲಿಂಬೆ, ದಾಳಿಂಬೆ, ಚಿಕ್ಕು ಮೊದಲಾದ ಹಣ್ಣಿನ ಗಿಡಗಳನ್ನು ಬೆಳೆಸಿದ ರೈತರೂ ಇದ್ದಾರೆ. ದಕ್ಷಿಣದ ಜಿಲ್ಲೆಗಳಲ್ಲಿ ಸೀಬೆ ಎಂದು ಕರೆಯುವ ಪೇರಲ ಇವುಗಳಲ್ಲಿ ಸ್ವಲ್ಪ ಕಷ್ಟಕ್ಕೂ ಬಾಳುವ ಬೆಳೆ. ಸುಣ್ಣದ ಅಂಶವಿರುವ ಭೂಮಿಯಲ್ಲಿಯೂ ಬದುಕುತ್ತದೆ, ಬರಗಾಲದಲ್ಲಿಯೂ ಒಂದಿಷ್ಟು ಕಾಯಿ ಕೊಡುತ್ತದೆ.

ಆದರೆ ಪೇರಲಕ್ಕೆ ಒಂದು ದೋಷವಿದೆ. ಗಿಡದಿಂದ ಇಳಿಸಿದ ಹಣ್ಣು ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಕಾಲ ತಡೆಯುವುದಿಲ್ಲ. ಸುಗ್ಗಿಯಲ್ಲಿ ಎಲ್ಲ ತೋಟಗಳ ಹಣ್ಣೂ ಒಂದೇ ವಾರ ಪೇಟೆಗೆ ಬರುತ್ತದೆ. ವ್ಯಾಪಾರಿಯು ದಪ್ಪ, ನುಣುಪಾದ ಹಣ್ಣನ್ನು ಆರಿಸಿಕೊಂಡು ಸಣ್ಣದನ್ನು, ಸಿಪ್ಪೆಯ ಮೇಲೆ ಕಲೆಯಿದ್ದುದನ್ನು ಬಿಟ್ಟುಬಿಡುತ್ತಾನೆ. ಹೀಗೆ ಉಳಿದ ಹಣ್ಣು ತಿನ್ನಲು ಚೆನ್ನಾಗಿದ್ದರೂ ದನದ ಪಾಲಾಗುತ್ತದೆ. ಜೆಲ್ಲಿ ಮಾಡುವ ವಿಧಾನವನ್ನು ತಿಳಿಯಬೇಕಾದುದು ಈ ಉಳಿದ ಹಣ್ಣಿಗಾಗಿ. ಬುಟ್ಟಿಯ ಮೇಲಿನ ಹಣ್ಣನ್ನು ಹಣ್ಣಾಗಿಯೇ ಮಾರುವುದು ಲಾಭ.

ಜೆಲ್ಲಿ ಎಂದರೇನು?

ಹಣ್ಣಿನ ತಿರುಳನ್ನು ಸಕ್ಕರೆಯೊಡನೆ ಕಾಯಿಸಿದರೆ ಜಾಮ್ ಆಗುತ್ತದೆ. ತಿರುಳನ್ನು ಬಿಟ್ಟು, ಹಣ್ಣನ್ನು ಬೇಯಿಸಿ ಸೋಸಿದ ತಿಳಿಯನ್ನಷ್ಟೇ ಸಕ್ಕರೆಯೊಡನೆ ಕಾಯಿಸಿ ಹೆಪ್ಪಾಗಿಸಿದರೆ ಅದು ಜೆಲ್ಲಿ. ಒಳ್ಳೆಯ ಜೆಲ್ಲಿಯ ಮೂಲಕ ಬೆಳಕು ಹಾಯುತ್ತದೆ. ಶೀಶೆಯಿಂದ ತಟ್ಟೆಗೆ ಬಿಡಿಸಿದಾಗ ಅದು ಆಕಾರ ಉಳಿಸಿಕೊಂಡು ನಡುಗುತ್ತದೆ, ಆದರೆ ಹರಿಯುವುದಿಲ್ಲ. ಚಾಕುವಿನಿಂದ ಕೊಯ್ದರೆ ಅಂಚು ಹಾಗೆಯೇ ನಿಲ್ಲುತ್ತದೆ.

ಈ ಹೆಪ್ಪಿಗೆ ಕಾರಣ ಪೆಕ್ಟಿನ್ ಎಂಬ ವಸ್ತು. ಹಣ್ಣಿನ ಜೀವಕೋಶಗಳ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಇದೇ. ಫ್ರಾನ್ಸಿನ ವಿಜ್ಞಾನಿ ಹೆನ್ರಿ ಬ್ರಾಕೊನೊ 1825ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟನು. ಪೆಕ್ಟಿನ್ ಉದ್ದನೆಯ ಎಳೆಗಳಂತಿರುತ್ತದೆ. ನೀರಿನಲ್ಲಿ ಕರಗಿದಾಗ ಈ ಎಳೆಗಳು ಒಂದನ್ನೊಂದು ದೂಡುತ್ತವೆ. ಹುಳಿ ಸೇರಿದರೆ ಆ ದೂಡುವಿಕೆ ಕಡಿಮೆಯಾಗುತ್ತದೆ. ಸಕ್ಕರೆಯು ಅವುಗಳ ಸುತ್ತಲಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಗ ಎಳೆಗಳು ಹೆಣೆದುಕೊಂಡು ಬಲೆಯಾಗಿ, ಪಾಕವನ್ನು ತಮ್ಮೊಳಗೆ ಹಿಡಿದು ನಿಲ್ಲಿಸುತ್ತವೆ. ಪೆಕ್ಟಿನ್, ಹುಳಿ, ಸಕ್ಕರೆ ಈ ಮೂರರಲ್ಲಿ ಯಾವುದೊಂದು ಕಡಿಮೆಯಾದರೂ ಹೆಪ್ಪು ಕೂಡುವುದಿಲ್ಲ. ಸಿದ್ಧವಾದ ಜೆಲ್ಲಿಯಲ್ಲಿ ಪೆಕ್ಟಿನ್ ಶೇಕಡಾ 0.5ರಿಂದ 1, ಹುಳಿ ಶೇಕಡಾ 0.5ರಿಂದ 0.75, ಸಕ್ಕರೆ ಮೊದಲಾದ ಕರಗಿದ ಘನಪದಾರ್ಥ ಶೇಕಡಾ 65ರಷ್ಟು ಇರಬೇಕು.

ಪೇರಲದಲ್ಲಿ ಪೆಕ್ಟಿನ್ ಹೇರಳ, ಹುಳಿ ಕಡಿಮೆ. ಹುಳಿಯನ್ನು ಹೊರಗಿನಿಂದ ಸೇರಿಸಿದರೆ ಸಾಕು. ಬೇಲದ ಹಣ್ಣಿನಲ್ಲಿ (ಬಳವಲ) ಪೆಕ್ಟಿನ್ ಇನ್ನೂ ಹೆಚ್ಚು. ಇದನ್ನು ಬಿಲ್ವದ ಕಾಯಿಯೊಂದಿಗೆ ಬೆರಸಿ ತಿಳಿಯಬಾರದು. ಕವಳೆ ಹಣ್ಣು ಮತ್ತು ಕೆಂಪು ಪುಂಡಿಯ ಕಾಯಿಯ ಸುತ್ತಲಿನ ದಳಗಳಲ್ಲಿ ಪೆಕ್ಟಿನ್ ಹುಳಿ ಎರಡೂ ಇವೆ. ದಾಳಿಂಬೆಯ ರಸಕ್ಕೆ ಬಣ್ಣ, ರುಚಿ ಇದ್ದರೂ ಪೆಕ್ಟಿನ್ ಸಾಲದು. ಅದರಿಂದ ಮಾತ್ರವೇ ಜೆಲ್ಲಿ ಮಾಡಲು ಹೊರಟವರು ಶರಬತ್ತು ಮಾಡಿ ಮುಗಿಸುತ್ತಾರೆ. ಬಾಳೆ, ಚಿಕ್ಕುಗಳನ್ನು ಈ ಕೆಲಸಕ್ಕೆ ಯೋಚಿಸುವುದೇ ಬೇಡ.

ಯಾವ ಹಂಗಾಮಿನ ಹಣ್ಣು?

ಅಂಬೆ ಬಹಾರದ ಹಣ್ಣು ಮಳೆಗಾಲದಲ್ಲಿ ಬರುತ್ತದೆ. ಅದು ನೀರಾಗಿ, ಸಪ್ಪೆಯಾಗಿರುತ್ತದೆ. ಹಣ್ಣುನೊಣದ ಕಾಟವೂ ಆಗಲೇ ಹೆಚ್ಚು. ಮೃಗ ಬಹಾರದಲ್ಲಿ ಹೂ ಬಿಟ್ಟು ಚಳಿಗಾಲದಲ್ಲಿ ಮಾಗುವ ಹಣ್ಣಿನಲ್ಲಿ ರುಚಿ, ಸಿ ಜೀವಸತ್ವ, ಪೆಕ್ಟಿನ್ ಎಲ್ಲವೂ ಉತ್ತಮ. ಆದ್ದರಿಂದ ಜೆಲ್ಲಿಗೆ ಚಳಿಗಾಲದ ಹಣ್ಣನ್ನೇ ಆರಿಸಬೇಕು. ಮಳೆಗಾಲದ ಹಣ್ಣನ್ನು ಬಳಸಲೇಬೇಕಾದರೆ ಮುಂದೆ ಹೇಳುವ ಸ್ಪಿರಿಟ್ ಪರೀಕ್ಷೆಯನ್ನು ತಪ್ಪದೆ ಮಾಡಬೇಕು.

ತಳಿಯ ವಿಷಯದಲ್ಲಿ ಹೆಚ್ಚು ಯೋಚನೆ ಬೇಕಿಲ್ಲ. ಅಲಹಾಬಾದ್ ಸಫೇದ, ಪುಣೆಯ ಗಣೇಶಖಿಂಡದಲ್ಲಿ ಆಯ್ಕೆಯಾದ ಲಖನೌ-49 (ಸರ್ದಾರ್), ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೃದುಲ ಇವುಗಳಲ್ಲಿ ಯಾವುದಾದರೂ ಆದೀತು. ಹಣ್ಣಿನ ಬಲಿತ ಹದವೇ ಮುಖ್ಯ. ಕಾಯಿಯಲ್ಲಿ ಪೆಕ್ಟಿನ್ ಕರಗದ ರೂಪದಲ್ಲಿರುತ್ತದೆ. ಅತಿಯಾಗಿ ಕಳಿತ ಹಣ್ಣಿನಲ್ಲಿ ಅದು ಒಡೆದುಹೋಗಿರುತ್ತದೆ. ಮುಕ್ಕಾಲು ಪಾಲು ಗಟ್ಟಿಯಾದ ಹಣ್ಣು, ಕಾಲು ಪಾಲು ದೋರಗಾಯಿ ಸೇರಿಸುವುದು ಒಳ್ಳೆಯದು. ಸಿಪ್ಪೆಯ ಕಲೆ, ಕೊಕ್ಕಿನ ಗಾಯ ಇದ್ದ ಭಾಗವನ್ನು ಕೊಯ್ದು ತೆಗೆದರೆ ಸಾಕು. ಆದರೆ ಹುಳು ಬಿದ್ದ, ಕೊಳೆತ, ಬೂಸ್ಟು ಹಿಡಿದ ಹಣ್ಣನ್ನು ಪೂರ್ತಿಯಾಗಿ ಎಸೆಯಬೇಕು. ಕುದಿಸಿದರೆ ಎಲ್ಲವೂ ಶುದ್ಧವಾಗುತ್ತದೆಂಬ ನಂಬಿಕೆ ತಪ್ಪು.

ಮಾಡುವ ವಿಧಾನ

ಹಣ್ಣನ್ನು ತೊಳೆದು, ಸಿಪ್ಪೆ ಬೀಜ ತೆಗೆಯದೆ, ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚಬೇಕು. 1 ಕಿ.ಗ್ರಾಂ. ಹಣ್ಣಿಗೆ ಒಂದು ಕಾಲು ಲೀಟರ್ ನೀರು, 2 ಗ್ರಾಂ ಸಿಟ್ರಿಕ್ ಆಮ್ಲ (ಅಂಗಡಿಯಲ್ಲಿ ಲಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ) ಹಾಕಿ ಅರ್ಧ ತಾಸು ಸಣ್ಣ ಉರಿಯಲ್ಲಿ ಬೇಯಿಸಬೇಕು. ಹುಳಿಯಿದ್ದ ನೀರಿನಲ್ಲಿ ಪೆಕ್ಟಿನ್ ಚೆನ್ನಾಗಿ ಬಿಡುತ್ತದೆ. ಪಾತ್ರೆ ಸ್ಟೀಲಿನದಿರಲಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ಕಾಯಿಸಬಾರದು.

ಬೆಂದ ಹಣ್ಣನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕೆಳಗೆ ಪಾತ್ರೆಯಿಟ್ಟು, ತೂಗುಹಾಕಬೇಕು. ತಿಳಿರಸ ತಾನಾಗಿ ತೊಟ್ಟಿಕ್ಕಲಿ. ಗಂಟನ್ನು ಹಿಂಡಬಾರದು, ಹಿಂಡಿದರೆ ತಿರುಳಿನ ಕಣಗಳು ಇಳಿದು ಜೆಲ್ಲಿ ಮಸುಕಾಗುತ್ತದೆ. ರಾತ್ರಿ ಕಟ್ಟಿಬಿಟ್ಟರೆ ಬೆಳಿಗ್ಗೆ ರಸ ಸಿದ್ಧ. ಪಾತ್ರೆಯ ತಳದಲ್ಲಿ ಗಸಿ ಕೂತಿದ್ದರೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು.

ಸಕ್ಕರೆಯನ್ನು ಎಷ್ಟು ಹಾಕಬೇಕೆಂಬುದು ರಸದಲ್ಲಿರುವ ಪೆಕ್ಟಿನ್‌ನ ಮೇಲೆ ಅವಲಂಬಿಸಿದೆ. ಇದಕ್ಕೆ ಸುಲಭವಾದ ಪರೀಕ್ಷೆ ಇದೆ. ಗಾಜಿನ ಲೋಟದಲ್ಲಿ ಒಂದು ಚಮಚ ತಣ್ಣಗಾದ ರಸ ಹಾಕಿ, ಲೋಟದ ಅಂಚಿನಿಂದ ಮೆಲ್ಲಗೆ ಎರಡು ಚಮಚ ಸ್ಪಿರಿಟ್ ಸುರಿದು, ಐದು ನಿಮಿಷ ಬಿಡಬೇಕು. ರಸವೆಲ್ಲ ಒಂದೇ ಗಟ್ಟಿ ಮುದ್ದೆಯಾಗಿ ನಿಂತರೆ ಪೆಕ್ಟಿನ್ ಸಮೃದ್ಧ, 1 ಕಿ.ಗ್ರಾಂ. ರಸಕ್ಕೆ 1 ಕಿ.ಗ್ರಾಂ. ಸಕ್ಕರೆ ಹಾಕಬಹುದು. ಎರಡು ಮೂರು ಮುದ್ದೆಗಳಾಗಿ ಒಡೆದರೆ ಮಧ್ಯಮ, ಮುಕ್ಕಾಲು ಕಿ.ಗ್ರಾಂ. ಸಕ್ಕರೆ ಸಾಕು. ಸಣ್ಣ ಸಣ್ಣ ಚೂರುಗಳಾಗಿ ತೇಲಿದರೆ ಪೆಕ್ಟಿನ್ ಕಡಿಮೆ, ಅರ್ಧ ಕಿ.ಗ್ರಾಂ.ಗಿಂತ ಹೆಚ್ಚು ಹಾಕಬಾರದು, ಇಲ್ಲವೆ ರಸವನ್ನು ಇನ್ನಷ್ಟು ಬತ್ತಿಸಿ ಮತ್ತೆ ಪರೀಕ್ಷಿಸಬೇಕು. ಔಷಧದ ಅಂಗಡಿಯ ಸ್ಪಿರಿಟ್ ಕುಡಿಯಲು ವಿಷ. ಪರೀಕ್ಷೆ ಮಾಡಿದ ರಸವನ್ನು ಕೂಡಲೇ ಚೆಲ್ಲಿ ಲೋಟ ತೊಳೆಯಬೇಕು. ಮಕ್ಕಳಿದ್ದಲ್ಲಿ ಶೀಶೆಯನ್ನು ಮೇಲೆ ಇಡಬೇಕು, ಒಲೆಯ ಹತ್ತಿರವಂತೂ ತರಲೇಬಾರದು.

ಪೇರಲದ ರಸ ಸಾಮಾನ್ಯವಾಗಿ ಮುಕ್ಕಾಲು ಪಾಲು ಸಕ್ಕರೆ ಬೇಡುತ್ತದೆ. 1 ಲೀಟರ್ ರಸವನ್ನು ಕುದಿಯಲಿಟ್ಟು 750 ಗ್ರಾಂ ಸಕ್ಕರೆ ಸೇರಿಸಿ, ಕರಗಿದ ಕೂಡಲೇ ಮತ್ತೊಮ್ಮೆ ಬಟ್ಟೆಯಲ್ಲಿ ಸೋಸಿ, ಬಳಿಕ ದೊಡ್ಡ ಉರಿಯಲ್ಲಿ ಬೇಗ ಬೇಗ ಕಾಯಿಸಬೇಕು. ಮೇಲೆ ಬರುವ ನೊರೆಯನ್ನು ತೆಗೆಯುತ್ತಿರಬೇಕು. ಹದ ಹತ್ತಿರ ಬಂದಾಗ 5ರಿಂದ 6 ಗ್ರಾಂ ಸಿಟ್ರಿಕ್ ಆಮ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಹಾಕಬೇಕು. ಸಿಟ್ರಿಕ್ ಆಮ್ಲದ ಬದಲು ಆರೇಳು ಲಿಂಬೆಹಣ್ಣಿನ ಸೋಸಿದ ರಸವೂ ಆದೀತು. ಒಂದು ಸಲಕ್ಕೆ ಎರಡು ಲೀಟರಿಗಿಂತ ಹೆಚ್ಚು ರಸ ಕಾಯಿಸುವುದು ಜಾಣತನವಲ್ಲ. ಹೆಚ್ಚಾದಷ್ಟೂ ಬತ್ತಲು ಹೊತ್ತು ಹಿಡಿಯುತ್ತದೆ. ಹುಳಿಯಲ್ಲಿ ಬಹಳ ಹೊತ್ತು ಕುದಿದ ಪೆಕ್ಟಿನ್ ತುಂಡು ತುಂಡಾಗಿ ಹೆಪ್ಪು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ.

ಬಣ್ಣ ಬೇಕೆನ್ನುವವರು ಪೇಟೆಯ ಬಣ್ಣಕ್ಕೆ ಹೋಗಬೇಕಾಗಿಲ್ಲ. ಬಿಳಿ ತಿರುಳಿನ ಪೇರಲದ ರಸವೂ ಕಾಯುತ್ತ ಕಾಯುತ್ತ ಕೆಂಬಣ್ಣಕ್ಕೆ ತಿರುಗುತ್ತದೆ. ಇನ್ನೂ ಬೇಕಾದರೆ ಹಣ್ಣು ಬೇಯಿಸುವಾಗಲೇ ಒಂದು ಹಿಡಿ ಕೆಂಪು ಪುಂಡಿಯ ದಳ ಹಾಕಬಹುದು. ಬಣ್ಣದ ಜೊತೆಗೆ ಹುಳಿಯೂ ಬರುವುದರಿಂದ ಕೊನೆಗೆ ಹಾಕುವ ಸಿಟ್ರಿಕ್ ಆಮ್ಲವನ್ನು ರುಚಿ ನೋಡಿ ಕಡಿಮೆ ಮಾಡಬೇಕು.

ಬೆಲ್ಲದ ಹದವೇ ಬೇರೆ

ಬೆಲ್ಲ ಕಾಯಿಸಿ ಅಭ್ಯಾಸವಿದ್ದ ಕೈ ಜೆಲ್ಲಿಯಲ್ಲಿ ಎಡವುವುದು ಇಲ್ಲಿಯೇ. ಬೆಲ್ಲದ ಪಾಕ ಇಳಿಸುವುದು 116ರಿಂದ 118 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಜೆಲ್ಲಿಯ ಹದ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ಬಿಸಿಯಿದ್ದಾಗ ಜೆಲ್ಲಿಯ ಪಾಕ ತೆಳ್ಳಗೆ ಕಾಣುವುದರಿಂದ ಇನ್ನೂ ಸ್ವಲ್ಪ ಬರಲಿ ಎಂದು ಕಾಯಿಸಿದರೆ ಕೊನೆಗೆ ಸಿಗುವುದು ಅಂಟು ಮಿಠಾಯಿ.

ಪುಸ್ತಕಗಳಲ್ಲಿ ಜೆಲ್ಲಿಯ ಹದ 105 ಡಿಗ್ರಿ ಎಂದು ಬರೆದಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಮುಧೋಳ ತಾಲೂಕು ಸಮುದ್ರ ಮಟ್ಟಕ್ಕಿಂತ ಐದುನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 98 ಡಿಗ್ರಿಯಲ್ಲಿ. ಆದ್ದರಿಂದ ಉಷ್ಣಮಾಪಕವನ್ನು ಮೊದಲು ಕುದಿಯುವ ನೀರಿನಲ್ಲಿಟ್ಟು ಅಂಕಿ ನೋಡಿಕೊಂಡು, ಅದಕ್ಕೆ ಐದು ಡಿಗ್ರಿ ಕೂಡಿಸಬೇಕು. ಲೋಕಾಪುರದಲ್ಲಿ ಇದು 103ರ ಸುಮಾರಿಗೆ ಬರುತ್ತದೆ. 105ರವರೆಗೆ ಕಾಯ್ದವರ ಜೆಲ್ಲಿ ಗಡುಸಾಗಿ, ಕೆಲವು ವಾರಗಳಲ್ಲಿ ಸಕ್ಕರೆಯ ಹರಳು ಕಟ್ಟುವ ಸಂಭವವಿದೆ.

ಉಷ್ಣಮಾಪಕವಿಲ್ಲದವರು ತಕ್ಕಡಿ ಬಳಸಬಹುದು. ಖಾಲಿ ಪಾತ್ರೆಯನ್ನು ತೂಗಿಟ್ಟುಕೊಂಡಿರಬೇಕು. ಪಾಕದ ತೂಕ ಹಾಕಿದ ಸಕ್ಕರೆಯ ಒಂದೂವರೆ ಪಟ್ಟಿಗೆ ಇಳಿದಾಗ ಹದ ಬಂದಂತೆ. 750 ಗ್ರಾಂ ಸಕ್ಕರೆಗೆ 1,125 ಗ್ರಾಂ ಪಾಕ ಎಂದು ಲೆಕ್ಕ. ಮೂರನೆಯದು ಕಣ್ಣಳತೆ: ಚಮಚದಲ್ಲಿ ಪಾಕ ಎತ್ತಿ, ಸ್ವಲ್ಪ ಆರಿಸಿ, ಓರೆ ಮಾಡಬೇಕು. ಹನಿ ಹನಿಯಾಗಿ ಬಿದ್ದರೆ ಇನ್ನೂ ಕಾಯಬೇಕು. ಎರಡು ಹನಿಗಳು ಕೂಡಿ ಚಮಚದ ಅಂಚಿನಿಂದ ಪದರದಂತೆ ಜಾರಿದರೆ ಕೂಡಲೇ ಇಳಿಸಬೇಕು.

ಸಕ್ಕರೆಯ ಬದಲು ಬೆಲ್ಲ ಹಾಕಬಾರದೇ ಎಂಬ ಪ್ರಶ್ನೆ ಈ ಭಾಗದಲ್ಲಿ ಸಹಜ. ಬೆಲ್ಲದ ಕಂದು ಬಣ್ಣ, ಗಸಿಗಳಿಂದ ಜೆಲ್ಲಿಯ ತಿಳಿತನ ಹೋಗುತ್ತದೆ. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ಕಬ್ಬಿನ ರಸವನ್ನು ತಿಳಿಗೊಳಿಸಲು ಸುಣ್ಣ ಹಾಕಿರುತ್ತಾರೆ. ಆ ಸುಣ್ಣ ಮತ್ತು ಬೆಲ್ಲದ ಲವಣಗಳು ಹಣ್ಣಿನ ಹುಳಿಯನ್ನು ಮುರಿಯುತ್ತವೆ. ಹುಳಿ ಮುರಿದರೆ ಹೆಪ್ಪಿಲ್ಲ. ಬೆಲ್ಲ ಬಳಸುವ ಆಸೆಯಿದ್ದವರು ಅದನ್ನು ಮುಂದೆ ಹೇಳುವ ಪೇರಲ ಬರ್ಫಿಗೆ ಬಳಸಲಿ; ಅಲ್ಲಿ ಅದರ ರುಚಿ ಹೊಂದುತ್ತದೆ.

ಪೋಷಣೆಯ ನಿಜಾಂಶ

ಹಣ್ಣಿನಿಂದ ಮಾಡಿದ್ದಾದ್ದರಿಂದ ಜೆಲ್ಲಿ ತಿಂದರೆ ಹಣ್ಣು ತಿಂದಂತೆಯೇ ಎಂದು ಹಲವರು ತಿಳಿದಿದ್ದಾರೆ. ಮಕ್ಕಳು ಹಣ್ಣು ಮುಟ್ಟುವುದಿಲ್ಲ, ಜೆಲ್ಲಿಯನ್ನಾದರೂ ತಿನ್ನಲಿ ಎನ್ನುವ ತಾಯಂದಿರೂ ಇದ್ದಾರೆ. ಈ ತಿಳುವಳಿಕೆಯನ್ನು ತಿದ್ದುವುದು ಅವಶ್ಯ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಘಟಕಗಳ ಕೋಷ್ಟಕದ ಪ್ರಕಾರ 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವವಿದೆ. 2020ರ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ ಬೇಕಾದುದು 80, ಮಹಿಳೆಗೆ 65 ಮಿಲಿಗ್ರಾಂ. ಅಂದರೆ ಅರ್ಧ ಹಣ್ಣು ತಿಂದರೂ ಆ ದಿನದ ಅಗತ್ಯ ತೀರಿತು. ಇದಲ್ಲದೆ 100 ಗ್ರಾಂ ಹಣ್ಣಿನಲ್ಲಿ 7ರಿಂದ 8 ಗ್ರಾಂ ನಾರು ಇದೆ.

ಜೆಲ್ಲಿಯಾಗುವ ಹೊತ್ತಿಗೆ ಇದರಲ್ಲಿ ಉಳಿಯುವುದೆಷ್ಟು? ಸಿ ಜೀವಸತ್ವವು ಎರಡು ಸಲದ ಕುದಿತದಲ್ಲಿ ಬಹುಪಾಲು ನಾಶವಾಗುತ್ತದೆ. ಉಳಿದುದು ಶೀಶೆಯಲ್ಲಿ ದಿನ ಕಳೆದಂತೆ ಕಡಿಮೆಯಾಗುತ್ತದೆ. ನಾರು ಬಟ್ಟೆಯ ಗಂಟಿನಲ್ಲಿಯೇ ಉಳಿಯಿತು. ಕೆಂಪು ತಿರುಳಿನ ಪೇರಲದಲ್ಲಿರುವ ಲೈಕೋಪಿನ್ ಎಂಬ ಒಳ್ಳೆಯ ವರ್ಣದ್ರವ್ಯ ಶಾಖಕ್ಕೆ ಅಷ್ಟಾಗಿ ಹೆದರುವುದಿಲ್ಲವಾದರೂ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದೂ ತಿರುಳಿನಲ್ಲಿಯೇ ಕೂರುತ್ತದೆ. ರಸಕ್ಕೆ ಇಳಿದುಬಂದದ್ದು ಪೆಕ್ಟಿನ್. ಇದು ಕರಗುವ ನಾರು. ರಕ್ತದ ಕೊಲೆಸ್ಟರಾಲನ್ನು ತಗ್ಗಿಸಲು ನೆರವಾಗುತ್ತದೆ ಎಂಬುದು ನಿಜ. ಆದರೆ ಅದಕ್ಕೆ ದಿನವೂ ಹಲವು ಗ್ರಾಂ ಪೆಕ್ಟಿನ್ ಬೇಕು. ಒಂದು ದೊಡ್ಡ ಚಮಚ ಜೆಲ್ಲಿಯಲ್ಲಿ (20 ಗ್ರಾಂ) ಇರುವುದು 0.2 ಗ್ರಾಂ ಮಾತ್ರ.

ಅದೇ ಚಮಚದಲ್ಲಿ ಸಕ್ಕರೆ ಸುಮಾರು 13 ಗ್ರಾಂ, ಶಕ್ತಿ ಸುಮಾರು 50 ಕ್ಯಾಲರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದಂತೆ, ಬೆರಸಿ ತಿನ್ನುವ ಸಕ್ಕರೆ ದಿನದ ಶಕ್ತಿಯ ಶೇಕಡಾ 10ನ್ನು ಮೀರಬಾರದು, 5ರೊಳಗಿದ್ದರೆ ಇನ್ನೂ ಲೇಸು. 2000 ಕ್ಯಾಲರಿ ಆಹಾರ ತಿನ್ನುವವರಿಗೆ ಇದು 50 ಮತ್ತು 25 ಗ್ರಾಂ ಆಗುತ್ತದೆ. ದಿನಕ್ಕೆ ನಾಲ್ಕು ಕಪ್ ಸಿಹಿ ಚಹಾ ಕುಡಿಯುವ ಮನೆಯಲ್ಲಿ ಆ ಲೆಕ್ಕ ಚಹಾದಲ್ಲಿಯೇ ಮುಗಿದಿರುತ್ತದೆ. ಸಕ್ಕರೆ ಕಾಯಿಲೆಯವರು ಜೆಲ್ಲಿಯನ್ನು ತಿನ್ನದಿರುವುದೇ ಕ್ಷೇಮ. ಹೊಲದಲ್ಲಿ ದುಡಿಯುವವರಿಗೆ, ಬೆಳೆಯುವ ಮಕ್ಕಳಿಗೆ ಆಗೀಗ ಒಂದು ಚಮಚದಿಂದ ತೊಂದರೆಯಿಲ್ಲ. ಆದರೆ ಅದು ರುಚಿಗೆ, ಪುಷ್ಟಿಗಲ್ಲ. ತೋಟದಲ್ಲಿ ಹಣ್ಣಿರುವಾಗ ಮಕ್ಕಳಿಗೆ ಹಣ್ಣನ್ನೇ ಕೊಡಬೇಕು.

ಗಂಟಿನಲ್ಲಿ ಉಳಿದ ತಿರುಳು

ಮೇಲಿನ ಲೆಕ್ಕ ನೋಡಿದರೆ ಪೋಷಕಾಂಶದ ದೊಡ್ಡ ಪಾಲು ಇರುವುದು ಸೋಸಿ ಬಿಟ್ಟ ತಿರುಳಿನಲ್ಲಿ. ಅದನ್ನು ಚೆಲ್ಲುವುದು ಜೆಲ್ಲಿ ಮಾಡುವವರ ದೊಡ್ಡ ನಷ್ಟ. ಗೋವೆಯಲ್ಲಿ ಪೆರಾಡ್ ಎಂದು ಕರೆಯುವ ಪೇರಲ ಬರ್ಫಿಯನ್ನು ಇದರಿಂದ ಮಾಡಬಹುದು. ತಿರುಳನ್ನು ಜರಡಿಯಲ್ಲಿ ಉಜ್ಜಿ ಬೀಜ, ಸಿಪ್ಪೆಗಳನ್ನು ಬೇರ್ಪಡಿಸಬೇಕು. 1 ಕಿ.ಗ್ರಾಂ. ತಿರುಳಿಗೆ ಮುಕ್ಕಾಲು ಕಿ.ಗ್ರಾಂ. ಸಕ್ಕರೆ ಅಥವಾ ಬೆಲ್ಲ, ಎರಡು ಚಮಚ ತುಪ್ಪ, ಒಂದು ಲಿಂಬೆಯ ರಸ, ಚಿಟಿಕೆ ಉಪ್ಪು ಸೇರಿಸಿ ತಳ ಹತ್ತದಂತೆ ಕೈಯಾಡಿಸುತ್ತ ಕಾಯಿಸಬೇಕು. ಬಾಣಲೆಯ ಬದಿ ಬಿಟ್ಟು ಮುದ್ದೆಯಾದಾಗ ತುಪ್ಪ ಸವರಿದ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಕೊಯ್ಯಬೇಕು. ಪಾಕ ಸಿಡಿಯುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳುವುದು ಒಳ್ಳೆಯದು.

ಊಟದಲ್ಲಿ ಬಳಕೆ

ಜೋಳದ ರೊಟ್ಟಿಗೆ ಜೆಲ್ಲಿ ಹೊಂದುವುದಿಲ್ಲ. ಅದಕ್ಕೆ ಶೇಂಗಾ ಚಟ್ನಿ, ಕೆಂಪು ಖಾರವೇ ಸರಿ. ಆದರೆ ಬಿಸಿ ಚಪಾತಿಗೆ ತುಪ್ಪ ಸವರಿ, ತೆಳ್ಳಗೆ ಜೆಲ್ಲಿ ಹಚ್ಚಿ ಸುರುಳಿ ಮಾಡಿದರೆ ಶಾಲೆಯ ಡಬ್ಬಿಗೆ ಚೆನ್ನಾಗಿರುತ್ತದೆ. ಗಟ್ಟಿ ಮೊಸರಿನ ಮೇಲೆ ಒಂದು ಚಮಚ ಹಾಕಿಕೊಳ್ಳಬಹುದು. ಶ್ರೀಖಂಡಕ್ಕೆ ಹಾಕುವ ಸಕ್ಕರೆಯಲ್ಲಿ ಒಂದು ಪಾಲು ತೆಗೆದು ಬದಲಿಗೆ ಜೆಲ್ಲಿ ಕಲಸಿದರೆ ಪೇರಲದ ಪರಿಮಳ ಬರುತ್ತದೆ. ರವೆಯ ಶಿರಾ ಇಳಿಸುವ ಮುನ್ನ ಎರಡು ಚಮಚ ಸೇರಿಸಿದರೆ ಹುಳಿಸಿಹಿ ರುಚಿ. ಬೇಸಿಗೆಯಲ್ಲಿ ಒಂದು ಚಮಚ ಜೆಲ್ಲಿಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು, ಲಿಂಬೆ, ಚಿಟಿಕೆ ಉಪ್ಪು ಹಾಕಿದರೆ ಪಾನಕವಾಗುತ್ತದೆ. ಬೇಕರಿಯವರು ಕೇಕಿನ ಪದರಗಳ ನಡುವೆ ಹಚ್ಚಲು, ಮೇಲೆ ಹೊಳಪು ಕೊಡಲು ಇದನ್ನು ಬಳಸುತ್ತಾರೆ. ಹೀಗಾಗಿ ಹತ್ತಿರದ ಬೇಕರಿಗಳೂ ಗಿರಾಕಿಗಳಾಗಬಲ್ಲವು.

ಪೇಟೆಯಲ್ಲಿ ಜೆಲ್ಲಿ ಪುಡಿ ಎಂದು ಮಾರುವ ವಸ್ತುವಿಗೂ ಇದಕ್ಕೂ ಸಂಬಂಧವಿಲ್ಲ. ಅವುಗಳಲ್ಲಿ ಹಲವು ಜಿಲೆಟಿನ್‌ನಿಂದ ಹೆಪ್ಪಾಗುತ್ತವೆ. ಜಿಲೆಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದದ್ದು. ಸಮುದ್ರದ ಪಾಚಿಯಿಂದ ತೆಗೆದ ಸಸ್ಯಜನ್ಯ ಪುಡಿಗಳೂ ಇವೆ. ಮಾಂಸಾಹಾರ ಬಿಟ್ಟ ಮನೆಯವರು ಕೊಳ್ಳುವ ಮುಂಚೆ ಹಸಿರು ಚುಕ್ಕೆಯಿದೆಯೇ ಎಂದು ನೋಡಬೇಕು. ಪೇರಲದ ಪೆಕ್ಟಿನ್ ಹಣ್ಣಿನದೇ ಆದ್ದರಿಂದ ಮನೆಯ ಜೆಲ್ಲಿಯ ವಿಷಯದಲ್ಲಿ ಈ ಸಂಶಯವಿಲ್ಲ. ಮಹಿಳಾ ಸ್ವಸಹಾಯ ಸಂಘದವರು ಮಾರುವಾಗ ಇದನ್ನು ಚೀಟಿಯಲ್ಲಿ ಬರೆಯಬಹುದು.

ಮಾರಾಟದ ಲೆಕ್ಕ

5 ಕಿ.ಗ್ರಾಂ. ಹಣ್ಣಿನಿಂದ ಸುಮಾರು 4 ಲೀಟರ್ ರಸ. ಅದಕ್ಕೆ 3 ಕಿ.ಗ್ರಾಂ. ಸಕ್ಕರೆ, ಸಿಗುವ ಜೆಲ್ಲಿ ನಾಲ್ಕೂವರೆ ಕಿ.ಗ್ರಾಂ., ಅಂದರೆ 200 ಗ್ರಾಂನ 22 ಶೀಶೆ. ಇಂದಿನ ದರವನ್ನು ಪ್ರತಿಯೊಬ್ಬರೂ ತಮ್ಮ ಪೇಟೆಯಲ್ಲಿ ವಿಚಾರಿಸಿ ಹಾಕಿಕೊಳ್ಳಬೇಕು. ಲೆಕ್ಕ ಹಾಕಿದವರಿಗೆ ಒಂದು ಸಂಗತಿ ಕಾಣುತ್ತದೆ: ಬಿಟ್ಟ ಹಣ್ಣಿನ ಬೆಲೆ ಇದರಲ್ಲಿ ತೀರ ಸಣ್ಣದು, ಖರ್ಚೆಲ್ಲ ಸಕ್ಕರೆ, ಶೀಶೆ, ಉರುವಲು ಮತ್ತು ಕೈಕೆಲಸಕ್ಕೆ. ಅದರಲ್ಲಿಯೂ ಗಾಜಿನ ಶೀಶೆ ಬಿಡಿಯಾಗಿ ಕೊಂಡರೆ ಲಾಭವನ್ನೆಲ್ಲ ನುಂಗುತ್ತದೆ. ಆದ್ದರಿಂದ ಒಬ್ಬೊಬ್ಬರೇ ಮಾಡುವುದಕ್ಕಿಂತ ಹತ್ತು ಮನೆಯವರು ಕೂಡಿ ಶೀಶೆ ತರಿಸುವುದು ವಾಸಿ. ಗಿರಾಕಿ ಯಾರೆಂದು ಗೊತ್ತಾಗುವ ಮೊದಲು ನೂರು ಶೀಶೆ ತುಂಬಿಡುವುದು ಬೇಡ.

ಮನೆಯ ಉಪಯೋಗಕ್ಕೆ ಯಾವ ಪರವಾನಿಗೆಯೂ ಬೇಕಿಲ್ಲ. ಮಾರುವುದಾದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಮಾಡಿಸಿ, ಅದರ ಸಂಖ್ಯೆ, ತಯಾರಿಸಿದ ದಿನ, ತೂಕ, ಪದಾರ್ಥಗಳನ್ನು ಚೀಟಿಯಲ್ಲಿ ಕಾಣಿಸಬೇಕು. ಕರಗಿದ ಘನಪದಾರ್ಥ ಶೇಕಡಾ 65ಕ್ಕೆ ಕಡಿಮೆಯಿದ್ದರೆ ಅದನ್ನು ಜೆಲ್ಲಿ ಎಂದು ಮಾರುವಂತಿಲ್ಲ. ಸಂಸ್ಕರಣೆಯ ತರಬೇತಿ ಬಯಸುವವರು 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಕೆಡುವ ಬಗೆ

ಶೀಶೆಗಳನ್ನು ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ, ಬೆಚ್ಚಗಿರುವಾಗಲೇ ಬಿಸಿ ಜೆಲ್ಲಿ ತುಂಬಿ ಮುಚ್ಚಳ ಬಿಗಿಯಬೇಕು. ತಣ್ಣನೆಯ ಶೀಶೆಗೆ ತುಂಬಿದರೆ ಗಾಜು ಸೀಳುತ್ತದೆ. ತುಂಬಿದ ಮೇಲೆ ಹೆಪ್ಪು ಕೂಡುವವರೆಗೆ ಅಲುಗಾಡಿಸಬಾರದು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಜೆಲ್ಲಿ ಕಪ್ಪಾಗುತ್ತದೆ. ಮಣ್ಣಿನ ಗೋಡೆಯ ಕತ್ತಲೆ ಕೋಣೆ ಉತ್ತಮ.

ಜೆಲ್ಲಿಯ ಸುತ್ತ ನೀರು ಬಿಟ್ಟರೆ ಹುಳಿ ಹೆಚ್ಚಾಗಿದೆ ಎಂದು ತಿಳಿಯಬೇಕು. ಹರಳು ಕಟ್ಟಿದರೆ ಸಕ್ಕರೆ ಅಥವಾ ಕಾವು ಹೆಚ್ಚಾಗಿದೆ, ಇಲ್ಲವೆ ಹುಳಿ ಸಾಲದಾಗಿದೆ. ಮೇಲೆ ಬೂಸ್ಟು ಬಂದರೆ ಶೀಶೆ ಹಸಿಯಾಗಿತ್ತು ಅಥವಾ ಕಾವು ಕಡಿಮೆಯಾಗಿತ್ತು. ಅಂತಹ ಶೀಶೆಯಲ್ಲಿ ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನದೆ ಪೂರ್ತಿ ಎಸೆಯಬೇಕು. ಒಂದು ದಿನ ಕಳೆದರೂ ಹೆಪ್ಪು ಕೂಡದಿದ್ದರೆ ರುಚಿ ನೋಡಬೇಕು. ಹುಳಿ ಸಪ್ಪೆಯಿದ್ದಲ್ಲಿ ಲಿಂಬೆರಸ ಹಾಕಿ ಒಂದು ಸಲ, ಒಂದೇ ಸಲ, ಮತ್ತೆ ಕಾಯಿಸಿ ನೋಡಬಹುದು. ಆಗಲೂ ಕೂಡದಿದ್ದರೆ ಪೆಕ್ಟಿನ್ ಹೋಯಿತೆಂದು ತಿಳಿದು, ಒಲೆಯ ಮುಂದೆ ಇನ್ನಷ್ಟು ಹೊತ್ತು ಕಳೆಯದೆ, ಅದನ್ನು ಪಾನಕದ ಪಾಕವಾಗಿ ಶೀಶೆಗೆ ತುಂಬಿಡಬೇಕು.